ನಮ್ಮೂರಿನ ಮಂಡಲ ಪಂಚಾಯಿತಿ ಎಲ್ಲಿ ಹೋಯಿತು? 1987ರಿಂದ 1993ರವರೆಗಿನ ನೆನಪು, ದಾಖಲೆ ಇದ್ದವರು ಬರೆಯಿರಿ

ಕಲ್ಪತರು ನಾಡಿನವ

ನಮ್ಮೂರು ತಿಪಟೂರು ಸೀಮೆಯದು. ಕಳೆದ ತಿಂಗಳು ಹಳೆಯ ಪಂಚಾಯಿತಿ ಕಟ್ಟಡಕ್ಕೆ ಬಣ್ಣ ಹೊಡೆಯುವುದಕ್ಕೆಂದು ಗೋಡೆ ಕೆರೆಯುತ್ತಿದ್ದರು. ಗ್ರಾಮ ಪಂಚಾಯಿತಿ ಹೊಸ ಕಟ್ಟಡಕ್ಕೆ ಹೋಗಿ ಎಷ್ಟೋ ವರ್ಷಗಳಾದವು. ಇಲ್ಲಿ ಈಗ ಡೈರಿಯವರ ಹಾಲಿನ ಕ್ಯಾನುಗಳಿವೆ. ಬಾಗಿಲ ಮೇಲಿನ ಹಳದಿ ಪದರ ಉದುರಿದಾಗ ಒಳಗಿನಿಂದ ನೀಲಿ ಅಕ್ಷರಗಳು ಕಾಣಿಸಿದವು: ‘ಮಂಡಲ ಪಂಚಾಯಿತಿ ಕಾರ್ಯಾಲಯ’. ಇನ್ನೂ ಒಳಗಿನ ಪದರದಲ್ಲಿ ಕೆಂಪು ಬಣ್ಣದ ‘ವಿಲೇಜ್ ಪಂಚಾ’ ಎಂಬಷ್ಟು ಮಾತ್ರ ಉಳಿದಿತ್ತು. ಕೆರೆಯುತ್ತಿದ್ದ ಹುಡುಗ ನನ್ನನ್ನು ಕೇಳಿದ: ‘ಅಣ್ಣ, ಮಂಡಲ ಎಂದರೆ ಭಜನಾ ಮಂಡಲವೇ?’

ಅವನಿಗೆ ಇಪ್ಪತ್ತೆರಡು ವರ್ಷ. ಅವನನ್ನು ದೂರುವುದಿಲ್ಲ. ನಾನೇ ಆಗ ಪ್ರೈಮರಿ ಶಾಲೆಯಲ್ಲಿದ್ದೆ. ಊರಿನಲ್ಲಿ ಒಬ್ಬರನ್ನು ಎಲ್ಲರೂ ‘ಪ್ರಧಾನರು’ ಎಂದು ಕರೆಯುತ್ತಿದ್ದದ್ದು, ದೆಹಲಿಯಲ್ಲೂ ಒಬ್ಬರು ಪ್ರಧಾನರಿದ್ದಾರೆ ಎಂದು ಮೇಷ್ಟರು ಹೇಳಿದಾಗ ನಾವು ಮಕ್ಕಳು ಗಲಿಬಿಲಿಗೊಂಡದ್ದು, ಇಷ್ಟೇ ನನ್ನ ನೆನಪು.

ಅದೇ ಕಟ್ಟಡದ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಸಿಕ್ಕಿದೆ. ಒಳಗೆ ಸಭೆಯ ತೀರ್ಮಾನಗಳನ್ನು ಬರೆದಿಡುವ ಎರಡು ನಡಾವಳಿ ಪುಸ್ತಕ, ಯಾವ ಮನೆಯಿಂದ ಎಷ್ಟು ಕಂದಾಯ ಬರಬೇಕೆಂದು ಬರೆಯುವ ಡಿಮ್ಯಾಂಡ್ ರಿಜಿಸ್ಟರು, ರಬ್ಬರ್ ಒಡೆದುಹೋದ ಒಂದು ದುಂಡು ಮೊಹರು. ಗೆದ್ದಲು ಒಂದು ಮೂಲೆಯನ್ನು ತಿಂದಿದೆ. ಈ ಮಂಡಲ ಯಾವಾಗ ಹುಟ್ಟಿತು, ಯಾರ ಕಲ್ಪನೆ, ಐದಾರು ವರ್ಷಕ್ಕೇ ಯಾಕೆ ಮುಗಿಯಿತು? ಬಲ್ಲವರು ದಯವಿಟ್ಟು ಬರೆಯಿರಿ.

ನಿವೃತ್ತ ಕಾರ್ಯದರ್ಶಿ

ತಮ್ಮಾ, ಮೊದಲು ಆ ಟ್ರಂಕನ್ನು ನೆಲದ ಮೇಲಿಡಬೇಡ, ಎರಡು ಇಟ್ಟಿಗೆಯ ಮೇಲಿಡು. ಮಿಕ್ಕ ಮಾತು ಆಮೇಲೆ.

ನಾನು ವಿಲೇಜ್ ಪಂಚಾಯಿತಿಯಲ್ಲಿ ಕೆಲಸಕ್ಕೆ ಸೇರಿ, ಮಂಡಲದಲ್ಲಿ ದುಡಿದು, ಗ್ರಾಮ ಪಂಚಾಯಿತಿಯಲ್ಲಿ ನಿವೃತ್ತನಾದವನು. ನಿನ್ನ ಗೋಡೆಯ ಮೇಲಿರುವ ಮೂರು ಪದರಗಳೂ ನನ್ನ ಸರ್ವಿಸ್ ಪುಸ್ತಕದಲ್ಲಿವೆ.

ಕೆಂಪು ಅಕ್ಷರ 1959ರ ಕಾಯ್ದೆಯ ಕಾಲದ್ದು. ರಾಜ್ಯ ಒಂದಾದ ಮೇಲೆ ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಕಡೆಯ ಐದು ಬಗೆಯ ಪದ್ಧತಿಗಳನ್ನು ಒಂದೇ ಕಾನೂನಿನಡಿ ತಂದರು. ಕೆಳಗೆ ವಿಲೇಜ್ ಪಂಚಾಯಿತಿ, ನಡುವೆ ಜನರಿಂದ ಆಯ್ಕೆಯಾದ ತಾಲ್ಲೂಕು ಅಭಿವೃದ್ಧಿ ಮಂಡಳಿ, ಮೇಲೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಲಹೆ ಕೊಡುವುದಕ್ಕಷ್ಟೇ ಇದ್ದ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಆ ಮಂಡಳಿ ಬೇರೆ, ಈ ಮಂಡಲ ಬೇರೆ. ಅನೇಕರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ತಾಲ್ಲೂಕು ಮಂಡಳಿಯಲ್ಲಿ ಬಿಡಿಒ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಕೈಯಲ್ಲಿ ಕಡತವಿರುತ್ತಿತ್ತು. ವಿಲೇಜ್ ಪಂಚಾಯಿತಿಗಳಂತೂ ಬೀದಿದೀಪದ ಬಲ್ಬಿಗೂ ಲೆಕ್ಕ ಹಾಕುವ ಸ್ಥಿತಿಯಲ್ಲಿದ್ದವು. ನನ್ನ ಮೊದಲ ಪಂಚಾಯಿತಿಯ ದೊಡ್ಡ ಆದಾಯವೆಂದರೆ ಸಂತೆಯ ಹರಾಜು, ಆಮೇಲೆ ದನದ ದೊಡ್ಡಿ.

ಮಂಡಲದ ಬೀಜ ದೆಹಲಿಯದು. 1977ರ ಕೊನೆಯಲ್ಲಿ ಅಶೋಕ್ ಮೆಹ್ತಾ ಸಮಿತಿ ನೇಮಕವಾಯಿತು, 1978ರಲ್ಲಿ ವರದಿ ಬಂತು. ಒಂದೊಂದು ಹಳ್ಳಿಗೆ ಒಂದೊಂದು ಪುಟ್ಟ ಪಂಚಾಯಿತಿ ಇಟ್ಟುಕೊಂಡು ಶಕ್ತಿ ಬರುವುದಿಲ್ಲ, ಹಳ್ಳಿಗಳ ಗುಂಪಿಗೆ ಒಂದು ಮಂಡಲ ಇರಲಿ, ಅದರ ಮೇಲೆ ನೇರವಾಗಿ ಜಿಲ್ಲಾ ಪರಿಷತ್ತು ಇರಲಿ ಎಂದಿತು ಸಮಿತಿ. ಅದನ್ನು ನಮ್ಮ ನೆಲಕ್ಕೆ ಹೊಂದಿಸಿ ಕಾಯ್ದೆ ಮಾಡಿದ್ದು 1983ರಲ್ಲಿ, ರಾಮಕೃಷ್ಣ ಹೆಗಡೆ ಅವರ ಸರ್ಕಾರ. ಅದರ ಹಿಂದೆ ಹಗಲಿರುಳು ನಿಂತವರು ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊಡಿಸಿ ‘ನೀರ್ ಸಾಬ್’ ಎನಿಸಿಕೊಂಡರಲ್ಲ, ಅವರೇ.

ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ 1987ರ ಜನವರಿ. ಏಪ್ರಿಲ್ 1ರಿಂದ ಹೊಸ ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿದವು. ಮಂಡಲವೆಂದರೆ ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಯ ಹಳ್ಳಿಗಳ ಗುಂಪು. ಮಲೆನಾಡಿನಲ್ಲಿ ಜನ ಚದುರಿ ವಾಸಿಸುವುದರಿಂದ ಮಿತಿಯನ್ನು ಇಳಿಸಿದ್ದರು. 500 ಜನಕ್ಕೆ ಒಬ್ಬ ಸದಸ್ಯ. ರಾಜ್ಯದಲ್ಲಿ ಸುಮಾರು 2500 ಮಂಡಲಗಳು. ಮುಖ್ಯಸ್ಥರಿಗೆ ಪ್ರಧಾನ, ಉಪಪ್ರಧಾನ ಎಂಬ ಹೆಸರು.

ನಮ್ಮಲ್ಲಿ ನಾಲ್ಕು ವಿಲೇಜ್ ಪಂಚಾಯಿತಿಗಳ ದಾಖಲೆಗಳನ್ನು ಒಂದೇ ಟ್ರ್ಯಾಕ್ಟರಿನಲ್ಲಿ ತಂದು ಮಂಡಲದ ಕಚೇರಿಗೆ ಇಳಿಸಿದ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕು ಊರಿನ ಮನೆ ನಂಬರುಗಳೂ ಒಂದರಿಂದಲೇ ಶುರು! ಅವನ್ನೆಲ್ಲ ಹೊಸ ರಿಜಿಸ್ಟರಿಗೆ ಇಳಿಸುವುದಕ್ಕೆ ನನಗೂ ಬಿಲ್ ಕಲೆಕ್ಟರಿಗೂ ಮೂರು ತಿಂಗಳು ಹಿಡಿಯಿತು. ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಕೂತು ಬರೆದಿದ್ದೇವೆ. ಹಾಗಾಗಿ ನಿನ್ನ ಟ್ರಂಕಿನ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಮನೆ ನಂಬರಿನ ಪಕ್ಕ ಇನ್ನೊಂದು ನಂಬರನ್ನು ಓರೆಯಾಗಿ ಬರೆದಿದ್ದರೆ, ಅದು ಹಳೆಯ ಪಂಚಾಯಿತಿಯ ನಂಬರು. ಅದನ್ನು ಬಿಟ್ಟು ನಕಲು ಮಾಡಬೇಡ.

ವರದಾ ತೀರ

ಕಾರ್ಯದರ್ಶಿಗಳು ಬರೆದದ್ದು ಓದಿ ಮನಸ್ಸು ತುಂಬಿತು. ನಮ್ಮದು ಹಾವೇರಿ ಕಡೆ. ಸಭೆಯ ನಿರ್ಣಯಕ್ಕೆ ನೀವು ಗೊತ್ತುವಳಿ ಎಂದರೆ ನಾವು ಠರಾವು ಎನ್ನುತ್ತೇವೆ; ಪ್ರಧಾನರು ಬಂದ ಮೇಲೂ ಬಹಳ ಮಂದಿ ಹಳೆಯ ರೂಢಿಯಂತೆ ‘ಚೇರ್ಮನ್ನರು’ ಎಂದೇ ಕರೆಯುತ್ತಿದ್ದರು.

ಮಂಡಲದ ಬಗ್ಗೆ ನಮ್ಮ ಭಾಗದ ಹಿರಿಯರು ಹೇಳುವ ಮೊದಲ ಮಾತು ಕೇಂದ್ರಸ್ಥಾನದ ಜಗಳ. ಕೆರೆಯ ಆಚೆ ಒಂದು ಊರು, ಈಚೆ ಒಂದು ಊರು. ಎರಡಕ್ಕೂ ಮೊದಲು ತಮ್ಮ ತಮ್ಮ ಪಂಚಾಯಿತಿ ಇತ್ತು. ಮಂಡಲ ಒಂದಾದಾಗ ಯಾವ ಊರಿನ ಹೆಸರು? ಶಾಲೆ, ದವಾಖಾನೆ, ಬಸ್ ನಿಲ್ಲುವ ಜಾಗ ಆಚೆ ಊರಿನಲ್ಲಿದ್ದವು, ಹೆಸರು ಅದಕ್ಕೇ ಹೋಯಿತು. ಈಚೆ ಊರಿನವರು ಒಂದು ವರ್ಷ ಮನೆ ಕಂದಾಯವನ್ನೇ ಕಟ್ಟಲಿಲ್ಲ. ಕೊನೆಗೆ ಪ್ರಧಾನರು ಆಚೆ ಊರು, ಉಪಪ್ರಧಾನರು ಈಚೆ ಊರು ಎಂದು ಮಠದ ಅಂಗಳದಲ್ಲಿ ಕೂತು ಬಗೆಹರಿಸಿಕೊಂಡರು. ಎರಡು ಊರಿನವರು ಒಂದೇ ಮೇಜಿನ ಮುಂದೆ ಕೂರುವುದನ್ನು ಕಲಿತದ್ದು ಅಲ್ಲಿಯೇ. 1993ರಲ್ಲಿ ಎರಡನ್ನೂ ಮತ್ತೆ ಬೇರೆ ಮಾಡಿದರು. ಈಗ ಕೆರೆಯ ಹೂಳು ಯಾವ ಪಂಚಾಯಿತಿ ತೆಗೆಸಬೇಕು ಎಂಬ ವಾದ ನಡೆಯುತ್ತಲೇ ಇದೆ, ಕೆರೆ ತುಂಬುತ್ತಲೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮಂಡಲವನ್ನು ಒಡೆದದ್ದು ತಪ್ಪು.

ನೇತ್ರಾವತಿ ದಂಡೆ

ವರದಾ ತೀರದವರೇ, ನಿಮ್ಮ ಮಾತು ಬಯಲುಸೀಮೆಗೆ ಸರಿಯಿರಬಹುದು. ನಮ್ಮಲ್ಲಿ ಊರು ಎಂದರೆ ಒಂದೆಡೆ ಗುಂಪಾಗಿ ಇರುವ ಮನೆಗಳಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಕೆಳಗೆ. ಜನಸಂಖ್ಯೆಯ ಮಿತಿ ಇಳಿಸಿದರೂ ಮಂಡಲದ ವಿಸ್ತಾರ ಮಾತ್ರ ದೊಡ್ಡದೇ. ನನ್ನ ತಂದೆ ಒಂದು ಮನೆ ನಂಬರಿಗಾಗಿ ಮಳೆಗಾಲದಲ್ಲಿ ಹೊಳೆ ದಾಟಿ, ಎರಡು ಗಂಟೆ ನಡೆದು ಹೋಗುತ್ತಿದ್ದರು. ಕಾರ್ಯದರ್ಶಿ ಜಿಲ್ಲಾ ಪರಿಷತ್ತಿನ ಸಭೆಗೆ ಹೋಗಿದ್ದಾರೆ ಎಂದರೆ ಅಷ್ಟೂ ದೂರ ವಾಪಸ್. ಈಗ ನಮ್ಮ ಗ್ರಾಮ ಪಂಚಾಯಿತಿ ಇಪ್ಪತ್ತು ನಿಮಿಷದ ದಾರಿ. ಹತ್ತಿರವಿರುವುದೂ ಒಂದು ಹಕ್ಕು.

ಹಳೆಯ ಆಡಳಿತಗಳ ಗುರುತು ಹುಡುಕುವವರಿಗೆ ಒಂದು ಸಂಗತಿ. ನಮ್ಮ ಜಿಲ್ಲೆಯಲ್ಲಿ ‘ಬೋರ್ಡ್ ಹೈಸ್ಕೂಲ್’ ಎಂಬ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಮದ್ರಾಸ್ ಪ್ರಾಂತ್ಯದ ಕಾಲದ ಡಿಸ್ಟ್ರಿಕ್ಟ್ ಬೋರ್ಡ್ ಕಟ್ಟಿದ ಶಾಲೆಗಳು ಅವು. ಬೋರ್ಡು ಹೋಗಿ ಅರವತ್ತು ವರ್ಷಕ್ಕೂ ಹೆಚ್ಚಾಯಿತು, ಹೆಸರು ಹೋಗಿಲ್ಲ. ಮಂಡಲಕ್ಕೆ ಆ ಭಾಗ್ಯ ಇಲ್ಲದೆ ಹೋಯಿತು. ಶಾಲೆ ಕಟ್ಟುವಷ್ಟು ಕಾಲ ಅದಕ್ಕೆ ಸಿಗಲೇ ಇಲ್ಲ.

ಗಡಿ ಪಾವಗಡ

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ನಮ್ಮ ಬಂಧುಗಳೆಲ್ಲ ಗಡಿಯಾಚೆ ಆಂಧ್ರದ ಅನಂತಪುರ ಕಡೆ ಇದ್ದಾರೆ. ಅವರ ವಿಳಾಸದಲ್ಲಿ ‘ಮಂಡಲ’ ಈಗಲೂ ಇದೆ. ಅದು ಎನ್.ಟಿ. ರಾಮರಾವ್ ಅವರು 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಾಡಿದ್ದು. ಅಲ್ಲಿ ತಹಶೀಲ್ದಾರರು ಕೂರುವುದು ಮಂಡಲದಲ್ಲಿ. ನಮ್ಮ ಮಂಡಲ ಹೋಬಳಿಗಿಂತಲೂ ಚಿಕ್ಕದು, ಅದಕ್ಕೂ ಕಂದಾಯ ಇಲಾಖೆಗೂ ಸಂಬಂಧವಿರಲಿಲ್ಲ. ಹೆಸರು ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ, ವಸ್ತು ಬೇರೆ.

1990ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಯ ಮಂಡಲ್ ಆಯೋಗದ ಗಲಾಟೆ ರೇಡಿಯೊದಲ್ಲಿ ಬರತೊಡಗಿದಾಗ ನಮ್ಮೂರಿನ ಹಿರಿಯರೊಬ್ಬರು ಗಾಬರಿಯಿಂದ ಪ್ರಧಾನರ ಮನೆಗೇ ಹೋಗಿದ್ದರಂತೆ. ದೆಹಲಿಯಲ್ಲಿ ಮಂಡಲ ಬೇಡ ಎಂದು ಹುಡುಗರು ಬೀದಿಗಿಳಿದಿದ್ದಾರೆ, ನಮ್ಮ ನೀರಿನ ಟ್ಯಾಂಕಿನ ಕೆಲಸ ನಿಲ್ಲುತ್ತದೆಯೇ ಎಂದು ಅವರ ಪ್ರಶ್ನೆ. ಅಷ್ಟು ಹಚ್ಚಿಕೊಂಡಿದ್ದರು ಜನ.

ಮೊಮ್ಮಗಳು

ನಮ್ಮ ಅಜ್ಜಿ 1987ರಲ್ಲಿ ಮಂಡಲ ಪಂಚಾಯಿತಿಗೆ ಆಯ್ಕೆಯಾಗಿದ್ದರು. ಈ ಚರ್ಚೆಯನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಅವರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಆ ಕಾಯ್ದೆಯಲ್ಲಿ ಹೆಂಗಸರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು, ಪರಿಶಿಷ್ಟರಿಗೆ ಶೇ 18. ದೇಶದ ಪಂಚಾಯಿತಿಗಳಿಗೆಲ್ಲ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೆ ಐದಾರು ವರ್ಷ ಮೊದಲೇ ನಡೆದ ಸಂಗತಿ ಇದು. ಈಗ ಮಹಿಳಾ ಮೀಸಲಾತಿಯ ಕಥೆ ಹೇಳುವವರೆಲ್ಲ 1993ರಿಂದ ಶುರು ಮಾಡುತ್ತಾರೆ. ಅಜ್ಜಿಗೆ ಅದರಿಂದ ಬೇಸರವಿದೆ, ನನಗೆ ಸಿಟ್ಟಿದೆ.

ಅಜ್ಜಿಗೆ ಓದು ಬಾರದು. ಮೊದಲ ಸಭೆಯಲ್ಲಿ ಹೆಬ್ಬೆಟ್ಟು ಒತ್ತಿದರು. ಎರಡು ಸಭೆ ಸುಮ್ಮನೆ ಕೂತು ಕೇಳಿದರು. ಮೂರನೆಯದರಲ್ಲಿ ಕೈಪಂಪಿನ ವಿಷಯ ಬಂತು. ಹೊಸ ಬೋರ್‌ವೆಲ್ ದೇವಸ್ಥಾನದ ಮುಂದೆ ಹಾಕಿಸೋಣ, ಊರಿಗೆಲ್ಲ ನಡುವಾಗುತ್ತದೆ ಎಂದು ಗಂಡಸರು ಮಾತಾಡಿಕೊಂಡರು. ಅಜ್ಜಿ ಎದ್ದು ನಿಂತು ಕೇಳಿದ್ದು ಇಷ್ಟು: ‘ಕೊಡ ಹೊರುವವರು ಯಾರು?’ ಉತ್ತರ ಬರಲಿಲ್ಲ. ‘ದೇವಸ್ಥಾನದ ಮುಂದೆ ಹಾಕಿದರೆ ನಮ್ಮ ಕೇರಿಯ ಹೆಂಗಸರು ಅಲ್ಲಿಗೆ ಬಂದು ಹಿಡಿಕೆ ಮುಟ್ಟುವುದಕ್ಕೆ ಬಿಡುತ್ತೀರಾ?’ ಆಗಲೂ ಉತ್ತರ ಬರಲಿಲ್ಲ. ಪಂಪು ಕೇರಿಗೆ ಬಂತು. ಹರಿದ ನೀರು ನಿಂತು ಕೊಚ್ಚೆಯಾಗಬಾರದೆಂದು ಸುತ್ತಲಿನ ಕಾಂಕ್ರೀಟ್ ಕಟ್ಟೆಗೆ ಇಳಿಜಾರು ಕೊಡಿಸಿ, ಕೊನೆಯಲ್ಲಿ ಎರಡು ಬಾಳೆ ನೆಟ್ಟರು. ಪಂಪಿನ ಚರ್ಮದ ವಾಷರ್ ಸವೆದಾಗ ಹಿಡಿಕೆ ಹಗುರಾಗುತ್ತದೆ, ಎಷ್ಟು ಒತ್ತಿದರೂ ನೀರು ತಡವಾಗಿ ಬರುತ್ತದೆ ಎಂಬುದನ್ನು ಅಜ್ಜಿ ಕೈ ಆಡಿಸಿ ತೋರಿಸಿದರು. ಅವರಿಗೀಗ ಎಂಬತ್ತನಾಲ್ಕು. ಆ ಕೈಗೆ ಅದು ಮರೆತಿಲ್ಲ.

ಆಮೇಲೆ ಸಹಿ ಕಲಿತರು. ನಡಾವಳಿ ಪುಸ್ತಕ ಸಿಕ್ಕರೆ ಯಾವ ತಿಂಗಳಿನಿಂದ ಹೆಬ್ಬೆಟ್ಟು ನಿಂತು ಸಹಿ ಶುರುವಾಯಿತು ಎಂದು ನೋಡುವ ಆಸೆ ನನಗೆ. ನಮ್ಮ ಪಂಚಾಯಿತಿಯಲ್ಲಿ ವಿಚಾರಿಸಿದೆ, ಹಳೆಯ ಕಾಗದಗಳನ್ನು ಯಾವಾಗಲೋ ರದ್ದಿಗೆ ಹಾಕಿದರು ಎಂದರು.

ನಿವೃತ್ತ ಕಾರ್ಯದರ್ಶಿ

ಮಗಳೇ, ನಿನ್ನ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಅಂಥ ಸದಸ್ಯೆಯರು ನಮ್ಮ ಮಂಡಲದಲ್ಲೂ ಇಬ್ಬರಿದ್ದರು. ಅವರು ಬಾಯಿ ತೆರೆದ ದಿನ ಸಭೆ ಬೇಗ ಮುಗಿಯುತ್ತಿತ್ತು, ಕೆಲಸ ಆಗುತ್ತಿತ್ತು.

ರದ್ದಿಗೆ ಹಾಕಿದರು ಎಂಬ ಮಾತನ್ನು ಪೂರ್ತಿ ನಂಬಬೇಡ. 1993ರಲ್ಲಿ ನಮ್ಮ ಮಂಡಲ ಒಡೆದು ಮೂರು ಗ್ರಾಮ ಪಂಚಾಯಿತಿಗಳಾದಾಗ ದಾಖಲೆಗಳನ್ನು ಮೂರು ಪಾಲು ಮಾಡುವುದಕ್ಕೆ ಆಗಲಿಲ್ಲ. ಒಂದೇ ನಡಾವಳಿ ಪುಸ್ತಕವನ್ನು ಹರಿದು ಹಂಚುವುದು ಹೇಗೆ? ಎಲ್ಲವೂ ಹಳೆಯ ಕೇಂದ್ರಸ್ಥಾನದಲ್ಲೇ ಉಳಿದವು. ನಿಮ್ಮದು ಕೇಂದ್ರಸ್ಥಾನವಾಗಿರದಿದ್ದರೆ ಪುಸ್ತಕ ಪಕ್ಕದ ಊರಿನ ಪಂಚಾಯಿತಿಯಲ್ಲಿರಬಹುದು. ಅಲ್ಲಿ ಕೇಳು.

ಯಾಕೆ ಮುಗಿಯಿತು ಎಂಬ ಪ್ರಶ್ನೆಗೆ ಬರುತ್ತೇನೆ. ಆ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬರುತ್ತಿದ್ದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಎಲ್ಲ ಪರಿಷತ್ತಿನಡಿ ಬಂದವು. ಶಾಸಕರಿಗೆ ಉಳಿದದ್ದು ತಾಲ್ಲೂಕು ಪಂಚಾಯಿತಿ ಸಮಿತಿ. ಅವರೇ ಅದರ ಅಧ್ಯಕ್ಷರು, ಮಂಡಲ ಪ್ರಧಾನರು ಸದಸ್ಯರು, ಆದರೆ ಅದಕ್ಕೆ ಸಲಹೆ ಕೊಡುವುದರ ಆಚೆ ಹೆಚ್ಚು ಅಧಿಕಾರವಿಲ್ಲ. ಮೇಷ್ಟರ ವರ್ಗಾವಣೆಗೆ ಜನ ಶಾಸಕರನ್ನು ಬಿಟ್ಟು ಪರಿಷತ್ ಸದಸ್ಯರ ಮನೆಗೆ ಹೋಗತೊಡಗಿದರು. ಇದು ಯಾವ ಪಕ್ಷದ ಶಾಸಕರಿಗೂ ಹಿತವಾಗಲಿಲ್ಲ.

ನಜೀರ್ ಸಾಬ್ 1988ರ ಅಕ್ಟೋಬರ್ 24ರಂದು ತೀರಿಕೊಂಡರು. ಆ ಸುದ್ದಿ ರೇಡಿಯೊದಲ್ಲಿ ಬಂದ ದಿನ ನಮ್ಮ ಕಚೇರಿಯ ಜವಾನ ಬಾಗಿಲು ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟು ಮಾತಿಲ್ಲದೆ ಮನೆಗೆ ಹೋದ. ನಾನೂ ತಡೆಯಲಿಲ್ಲ. ಮರುವರ್ಷ ರಾಷ್ಟ್ರಪತಿ ಆಳ್ವಿಕೆ ಬಂತು, ನವೆಂಬರಿನಲ್ಲಿ ಸರ್ಕಾರವೇ ಬದಲಾಯಿತು. ಮಂಡಲಗಳು ನಡೆದವು, ಕೇಂದ್ರದ ಉದ್ಯೋಗ ಯೋಜನೆಯಾದ ಜವಾಹರ್ ರೋಜ್‌ಗಾರ್ ದುಡ್ಡೂ ಬಂತು, ರಸ್ತೆ, ಶಾಲೆಯ ಕೋಣೆ ಎಲ್ಲ ಆದವು. ಆದರೆ ಐದು ವರ್ಷದ ಅವಧಿ ಮುಗಿದಾಗ, 1992ರ ಆರಂಭದಲ್ಲಿ, ಚುನಾವಣೆ ಮಾಡಲಿಲ್ಲ. ಆಡಳಿತಾಧಿಕಾರಿಗಳನ್ನು ಕೂರಿಸಿದರು. ಅಷ್ಟರಲ್ಲಿ 73ನೇ ತಿದ್ದುಪಡಿ ಬಂತು. ದೊಡ್ಡ ರಾಜ್ಯಗಳಲ್ಲಿ ಮೂರು ಹಂತವೂ ಚುನಾಯಿತವಾಗಿಯೇ ಇರಬೇಕು ಎಂದು ಅದು ಹೇಳಿದ್ದರಿಂದ ತಾಲ್ಲೂಕು ಮಟ್ಟಕ್ಕೆ ಚುನಾವಣೆ ಬಂತು, ಹಳೆಯ ಎರಡು ಹಂತದ ಕಲ್ಪನೆ ಉಳಿಯಲಿಲ್ಲ. ನಮ್ಮ ಹೊಸ ಕಾಯ್ದೆ 1993ರ ಮೇ 10ರಿಂದ ಜಾರಿ. ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಸಾಕು ಎಂದರು. ಆ ವರ್ಷದ ಡಿಸೆಂಬರಿನಲ್ಲಿ ಚುನಾವಣೆ. ಮಂಡಲದ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆದಿತ್ತು, ಇದು ಪಕ್ಷರಹಿತ.

ಒಂದು ನ್ಯಾಯದ ಮಾತು: ಪಂಚಾಯಿತಿ ವ್ಯವಸ್ಥೆಗೆ ಸಂವಿಧಾನದ ರಕ್ಷಣೆ ಸಿಕ್ಕಿದ್ದು ದೊಡ್ಡ ಲಾಭ. ಚುನಾವಣೆಯನ್ನು ಸರ್ಕಾರದ ಇಷ್ಟಕ್ಕೆ ಬಿಡುವ ಹಾಗಿಲ್ಲ ಎಂದು ಕಾನೂನಾದರೂ ಹೇಳುತ್ತದೆ. ಮಂಡಲಕ್ಕೆ ಆ ಬೇಲಿ ಇದ್ದಿದ್ದರೆ 1992ರಲ್ಲಿ ಅದು ಹಾಗೆ ಅನಾಥವಾಗುತ್ತಿರಲಿಲ್ಲ.

ವರದಾ ತೀರ

ನೇತ್ರಾವತಿ ದಂಡೆಯವರ ಹೊಳೆಯ ಮಾತನ್ನು ನಾನು ಯೋಚಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಒಂದನ್ನು ಬಿಡಲಾರೆ. ಆಗ ಮೇಷ್ಟರು, ಡಾಕ್ಟರು ಸರಿಯಾಗಿ ಬರತೊಡಗಿದ್ದನ್ನು ನಮ್ಮ ಹಿರಿಯರೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವೇ ಒಂದು ಮೌಲ್ಯಮಾಪನ ಸಮಿತಿ ಮಾಡಿತ್ತು, 1989ರಲ್ಲಿ ವರದಿ ಬಂತು. ಎರಡೇ ವರ್ಷದ ಮಗುವನ್ನು ತೂಕಕ್ಕೆ ಇಟ್ಟ ಹಾಗೆ ಅದು. ಇಷ್ಟು ಚಿಕ್ಕ ಅವಧಿಯ ಒಂದು ಪ್ರಯೋಗವನ್ನು ನೋಡಲು ಹೊರರಾಜ್ಯ, ಹೊರದೇಶದ ವಿದ್ವಾಂಸರೂ ಬಂದರು. ನಮ್ಮ ಶಾಲೆಯ ಪಾಠದಲ್ಲಿ ಮಾತ್ರ ಅದಕ್ಕೆ ಎರಡು ಸಾಲು.

ಮನೆ ಖಾತೆ ಹುಡುಕುತ್ತಿರುವವಳು

ನಾನು ಇತಿಹಾಸದವಳಲ್ಲ, ಕಷ್ಟದಲ್ಲಿ ಬಂದವಳು. ತಂದೆಯ ಮನೆಗೆ ಇ-ಸ್ವತ್ತು (ಪಂಚಾಯಿತಿಯ ಆಸ್ತಿಯ ಗಣಕೀಕೃತ ದಾಖಲೆ) ಮಾಡಿಸುವುದಕ್ಕೆ ಹಳೆಯ ಖಾತೆಯ ನಕಲು ಕೇಳುತ್ತಿದ್ದಾರೆ. ನಮ್ಮ ಬಳಿ ಇರುವುದು 1989ರ ಒಂದು ಕಂದಾಯ ರಸೀದಿ, ಅದರ ಮೇಲೆ ಮಂಡಲ ಪಂಚಾಯಿತಿಯ ಮೊಹರು. ಒಂದು ಕಚೇರಿಯಲ್ಲಿ ‘ಈ ಹೆಸರಿನ ಪಂಚಾಯಿತಿಯೇ ಇಲ್ಲ’ ಎಂದು ಹಿಂದಕ್ಕೆ ಕೊಟ್ಟರು. ಎಂಟು ತಿಂಗಳಾಯಿತು. ಮಂಡಲದ ದಾಖಲೆ ಹಳೆಯ ಕೇಂದ್ರಸ್ಥಾನದಲ್ಲಿ ಇರುತ್ತದೆ ಎಂಬುದನ್ನು ಈ ಚರ್ಚೆಯಲ್ಲೇ ಮೊದಲ ಬಾರಿ ತಿಳಿದೆ. ನಮ್ಮದು ಒಡೆದು ಬೇರೆಯಾದ ಊರು.

ನಿವೃತ್ತ ಕಾರ್ಯದರ್ಶಿ

ತಾಯಿ, ರಸೀದಿಯ ಮೇಲಿನ ಮನೆ ನಂಬರು ಮತ್ತು ವರ್ಷ ಬರೆದು, ಹಳೆಯ ಕೇಂದ್ರಸ್ಥಾನ ಈಗ ಯಾವ ಗ್ರಾಮ ಪಂಚಾಯಿತಿಯಲ್ಲಿದೆಯೋ ಅಲ್ಲಿಗೆ ಅರ್ಜಿ ಕೊಡು. ಬಾಯಿಮಾತಿನಲ್ಲಿ ಕೇಳಬೇಡ, ಮಾಹಿತಿ ಹಕ್ಕಿನಡಿ ಕೇಳು, ಸ್ವೀಕೃತಿ ಪಡೆದುಕೋ. ಕೇಳಬೇಕಾದದ್ದು 1987ರಿಂದ 1993ರವರೆಗಿನ ಡಿಮ್ಯಾಂಡ್ ರಿಜಿಸ್ಟರಿನ ದೃಢೀಕೃತ ನಕಲು. ರಸೀದಿಯ ಫೋಟೊ ತೆಗೆದಿಟ್ಟುಕೋ. ಆ ಕಾಲದ ಮೊಹರಿನ ಶಾಯಿ ಬಹಳ ದಿನ ನಿಲ್ಲುವುದಿಲ್ಲ.

ಕಲ್ಪತರು ನಾಡಿನವ

ಎಲ್ಲರಿಗೂ ವಂದನೆಗಳು. ಟ್ರಂಕು ಈಗ ಇಟ್ಟಿಗೆಯ ಮೇಲಿದೆ.

ನಡಾವಳಿ ಪುಸ್ತಕ ಓದುತ್ತಾ ಮೂರು ರಾತ್ರಿ ಕಳೆದೆ. ಇಪ್ಪತ್ತೊಂದು ಸದಸ್ಯರ ಪಟ್ಟಿ ಸಿಕ್ಕಿದೆ. ಅವರಲ್ಲಿ ಐವರು ಹೆಂಗಸರು. ಮೊದಲ ಪುಟಗಳಲ್ಲಿ ಐದು ಹೆಬ್ಬೆಟ್ಟು, ಎರಡನೆಯ ಪುಸ್ತಕದ ಕೊನೆಗೆ ಬಂದರೆ ಒಂದೇ. ಒಂದು ಸಭೆಯಲ್ಲಿ ತೆಂಗಿನ ಚಿಪ್ಪು ಸುಡುವ ಹೊಗೆ ಶಾಲೆಗೆ ಬರುತ್ತದೆ ಎಂಬ ದೂರು, ಇನ್ನೊಂದರಲ್ಲಿ ನೀರಗಂಟಿಗೆ ಟಾರ್ಚು ಕೊಡಿಸುವ ಗೊತ್ತುವಳಿ, ಅದಕ್ಕೆ ಒಬ್ಬರ ಆಕ್ಷೇಪ, ಮತಕ್ಕೆ ಹಾಕಿ ಹನ್ನೆರಡಕ್ಕೆ ಆರು. ಗ್ರಾಮಸಭೆಗೆ ತಮಟೆ ಸಾರಿಸಿದ ಖರ್ಚೂ ಇದೆ.

ರಿಜಿಸ್ಟರಿನಲ್ಲಿ ಕಾರ್ಯದರ್ಶಿಗಳು ಹೇಳಿದ ಹಾಗೆಯೇ ಪ್ರತಿ ನಂಬರಿನ ಪಕ್ಕ ಪೆನ್ಸಿಲಿನಲ್ಲಿ ಓರೆಯಾಗಿ ಹಳೆಯ ನಂಬರು ಇದೆ. ಗ್ರಾಮ ಪಂಚಾಯಿತಿಯವರ ಒಪ್ಪಿಗೆ ಬರವಣಿಗೆಯಲ್ಲಿ ಸಿಕ್ಕಿದೆ. ಬರುವ ಭಾನುವಾರದಿಂದ ಒಂದೊಂದೇ ಪುಟದ ಫೋಟೊ ತೆಗೆಯುತ್ತೇವೆ. ಗೋಡೆ ಕೆರೆದ ಹುಡುಗ ತನ್ನ ಒಳ್ಳೆಯ ಮೊಬೈಲ್ ತರುತ್ತೇನೆ ಎಂದಿದ್ದಾನೆ. ಬಾಗಿಲ ಮೇಲಿನ ನೀಲಿ ಅಕ್ಷರಗಳನ್ನು ಬಿಟ್ಟು ಸುತ್ತ ಬಣ್ಣ ಹೊಡೆಯುವುದಕ್ಕೆ ಡೈರಿಯವರು ಒಪ್ಪಿದ್ದಾರೆ.

ಮೊಮ್ಮಗಳು ಅವರೇ, ನಿಮ್ಮದು ಯಾವ ತಾಲ್ಲೂಕು ಎಂದು ತಿಳಿಸಿ. ಪಕ್ಕದ ಪಂಚಾಯಿತಿಯಲ್ಲಿ ಹುಡುಕುವುದಕ್ಕೆ ನಾವಿಬ್ಬರೂ ಬರುತ್ತೇವೆ.